ಆಮೆಯ ಬೀದಿಯಲ್ಲಿ ಬಸವನಹುಳು

ಡೋಲಿನ ಸದ್ದು ಕಿವಿಗೆ ಬಿದ್ದದ್ದೇ ತಡ, ನೆಲ್ಲೋನ ಕಾಲು ತಾನಾಗಿ ಎಡಗಡೆಯ ಓಣಿಗೆ ತಿರುಗಿತು. ಬಲಗಡೆಯದು ಆಮೆಯ ಕೇರಿ. ಅಲ್ಲಿನ ಹುಡುಗರು ಕೇರಿ ಕೇರಿಗಳ ನಡುವಿನ ಕುದುರೆ ಓಟದ ಹಬ್ಬಕ್ಕೆ ಡೋಲಿನ ಮೇಲೆ ಕೈ ಪಳಗಿಸಿಕೊಳ್ಳುತ್ತಿದ್ದರು. ನೆಲ್ಲೋ ಬಸವನಹುಳುವಿನ ಕೇರಿಯವನು. ಕೇರಿಗೊಂದು ಪ್ರಾಣಿಯ ಹೆಸರಿರುವ ಸಿಯೆನಾ ಊರಿನಲ್ಲಿ ಇಷ್ಟು ಹೇಳಿದರೆ ಸಾಕು, ಎರಡು ಕೇರಿಗಳ ಹಗೆಯ ಕತೆಯನ್ನು ಹಾಲು ಕುಡಿಯುವ ಮಗುವೂ ಒಪ್ಪಿಸುತ್ತದೆ.

ಅಂಚೆಯವನಾಗಿದ್ದ ಕಾಲದಲ್ಲೂ ಅವನು ಆಮೆಯ ಬೀದಿಯ ಕಾಗದಗಳನ್ನು ಜೊತೆಗಾರನ ಚೀಲಕ್ಕೆ ದಾಟಿಸಿ, ಬದಲಿಗೆ ಅವನ ಪಾಲಿನ ಏರುದಾರಿಗಳನ್ನೆಲ್ಲ ತಾನು ಹತ್ತಿದವನು. ನಿವೃತ್ತನಾದ ಮೇಲೆ ಪ್ರವಾಸಿ ಬಸ್ಸಿನವರನ್ನು ದೊಡ್ಡ ಚೌಕಕ್ಕೂ ಇಗರ್ಜಿಗೂ ಕರೆದೊಯ್ದು ಮತ್ತೆ ಬಸ್ಸಿಗೆ ಮುಟ್ಟಿಸುವ ಕೆಲಸ ಹಿಡಿದ. ಬೆಳಗ್ಗೆ ಬಂದು ಊಟದ ಹೊತ್ತಿಗೆ ಹೊರಟುಬಿಡುವ ಜನ. ಕೋಲಿನ ತುದಿಗೆ ತನ್ನ ಕೇರಿಯ ಹಳದಿ ಕೆಂಪು ರೇಷ್ಮೆಯ ಕೊರಳವಸ್ತ್ರ ಕಟ್ಟಿ ಎತ್ತಿ ಹಿಡಿಯುತ್ತಿದ್ದ. ಅದನ್ನು ನೋಡಿಕೊಂಡು ಅವರು ಹಿಂದೆ ಬರುತ್ತಿದ್ದರು. ಒಂದು ಬೀದಿಯನ್ನು ತಪ್ಪಿಸಲು ಅವನು ಸುತ್ತು ಬಳಸುತ್ತಾನೆಂದು ಅವರಿಗೇನು ಗೊತ್ತು?

ಆ ಬೀದಿಯಲ್ಲೇ ಅವನ ಅಕ್ಕ ವನ್ನಾಳ ಮನೆ. ಆಮೆಯ ಕೇರಿಯ ಈವೋನನ್ನು ಮೆಚ್ಚಿ ಮದುವೆಯಾಗಿ ಹೋದವಳು. ಪ್ರತಿವರ್ಷ ಹಬ್ಬದ ದಿನಗಳಲ್ಲಿ ಮಾತ್ರ ಗಂಡನ ಮನೆಯಲ್ಲಿ ನಿಲ್ಲದೆ ತವರಿಗೆ ಬಂದುಬಿಡುತ್ತಿದ್ದಳು. ಈ ಊರಿನಲ್ಲಿ ಅದು ಜಗಳವಲ್ಲ, ರೂಢಿ. ನೆಲ್ಲೋ ಅವಳಿಗೆ ಕೈಯಲ್ಲಿ ಹೊಸೆದ ದಪ್ಪ ಶಾವಿಗೆಯನ್ನು ಬೆಳ್ಳುಳ್ಳಿ ಗೊಜ್ಜಿನೊಡನೆ ಬಡಿಸುತ್ತಿದ್ದ. ಇಬ್ಬರೂ ಕೂಡಿ ಬಸವನಹುಳುವಿನ ಕುದುರೆಗಾಗಿ ಗಂಟಲು ಹರಿಯುವಂತೆ ಕೂಗುತ್ತಿದ್ದರು. ಈ ಸಲ ಅವಳ ಕಾಲು ಮುರಿದಿತ್ತು. ಮೂರನೇ ಮಹಡಿಯ ಮನೆ, ಕಡಿದಾದ ಮೆಟ್ಟಿಲು. “ನನಗೆ ಬರೋಕಾಗಲ್ಲ ಕಣೋ, ನೀನೇ ಬಾ” ಎಂದು ಫೋನು ಮಾಡಿದ್ದಳು. “ನೋಡೋಣ” ಎಂದಿದ್ದ. ಅವಳು ಮತ್ತೆ ಕರೆದಿರಲಿಲ್ಲ.

“ಸ್ವಲ್ಪ ನಿಲ್ಲಿ!” ಈ ದಿನದ ಗುಂಪಿನಲ್ಲಿ ಡೆನ್ಮಾರ್ಕಿನಿಂದ ಬಂದಿದ್ದ ಮಾರ್ಗಿಟ್ ಎಂಬ ಅಜ್ಜಿ ಊರುಗೋಲು ಊರಿ ನಿಂತುಬಿಟ್ಟಳು. “ಬಸ್ಸು ಇರೋದು ಬಲಗಡೆ. ನೀವ್ಯಾಕೆ ಎಡಕ್ಕೆ ಹೋಗ್ತೀರಿ?”

“ಆ ಕಡೆ ನೋಡೋಂಥದ್ದೇನೂ ಇಲ್ಲಮ್ಮ.”

“ನೋಡಿದ್ದು ಸಾಕು ಮಾರಾಯರೇ. ಈ ಮೆಟ್ಟಿಲು ಹತ್ತಲ್ಲ ನನ್ನ ಮಂಡಿ. ಎತ್ತಿಕೊಂಡು ಹೋಗ್ತೀರೇನು?”

ಹಿಂದಿದ್ದವರು ನಕ್ಕರು. ನೆಲ್ಲೋ ಓಣಿಯ ಮೆಟ್ಟಿಲುಗಳನ್ನು ನೋಡಿದ, ಅಜ್ಜಿಯ ಊದಿದ ಮಂಡಿಯನ್ನು ನೋಡಿದ. ಕೋಲಿನಿಂದ ವಸ್ತ್ರ ಬಿಚ್ಚಲು ಕೈಯಿಟ್ಟ.

“ಅದನ್ಯಾಕೆ ಬಿಚ್ತೀರಿ? ಜನ ಚದುರಿ ಹೋಗ್ತಾರೆ.”

ಅದೂ ನಿಜವೇ. ಅಜ್ಜಿಗೆ ಒಂದು ತೋಳು ಕೊಟ್ಟು, ಇನ್ನೊಂದು ಕೈಯಲ್ಲಿ ಕೋಲು ಎತ್ತಿ ಹಿಡಿದು ಅವನು ಬಲಕ್ಕೆ ತಿರುಗಿದ.

ಕಿಟಕಿ ಕಿಟಕಿಗೂ ಆಮೆಯ ಹಳದಿ ನೀಲಿ ಬಾವುಟ. ಡೋಲು ತಟ್ಟನೆ ನಿಂತಿತು.

“ಬಸವನಹುಳು ಬಂತು! ಉಪ್ಪು ತನ್ರೋ, ಕರಗಿಸೋಣ!” ಯಾರೋ ಮೇಲಿನಿಂದ ಕೂಗಿದರು.

“ಏನ್ ನೆಲ್ಲೋ, ದಾರಿ ತಪ್ಪಿತಾ, ಬುದ್ಧಿ ಬಂತಾ?” ಎಂದಳು ಬ್ರೆಡ್ ಅಂಗಡಿಯವಳು.

“ಏನಂತಾರೆ ಇವರೆಲ್ಲ?” ಮಾರ್ಗಿಟ್ ಕೇಳಿದಳು.

“ಸ್ವಾಗತ ಅಂತಾರೆ.”

ಈವೋ ತನ್ನ ಬಾಗಿಲಿಗೆ ಒರಗಿ ನಿಂತಿದ್ದ. “ಓಹೋ, ಬಾಮೈದ! ಕೂದಲು ಬೆಳ್ಳಗಾದ ಮೇಲೆ ಕಾಲು ಬಂತಾ ನಿಂಗೆ?”

“ಕೆಲಸದ ಮೇಲಿದೀನಿ ಭಾವ. ಸುಮ್ಮನೆ ದಾರಿ ಬಿಡಿ.”

ಮೂರನೇ ಮಹಡಿಯ ಕಿಟಕಿಯಲ್ಲಿ ವನ್ನಾಳ ಮುಖ ಕಾಣಿಸಿತು. ಸೊರಗಿತ್ತು. ತಲೆ ಬಾಚಿರಲಿಲ್ಲ.

“ಅಕ್ಕಾ, ಹೇಗಿದೀಯ?”

“ಹೇಗಿರ್ತೀನಿ? ಸುತ್ತಲೂ ಆಮೆಗಳು. ಬೆಳಗಾದ್ರೆ ಇವರ ಡೋಲು, ಸಂಜೆಯಾದ್ರೆ ಇವರ ಹಾಡು.”

ಬೀದಿಯೆಲ್ಲ ಗೊಳ್ಳೆಂದಿತು. ಅವಳು ನಗಲಿಲ್ಲ. ಕಿಟಕಿಯ ಅಂಚು ಹಿಡಿದು ಬಗ್ಗಿ, “ನೆಲ್ಲೋ, ಆ ವಸ್ತ್ರ ಕೊಟ್ಟು ಹೋಗೋ. ದಿಂಬಿನ ಕೆಳಗಾದ್ರೂ ಇಟ್ಕೋತೀನಿ” ಎಂದಳು.

ಈಗ ಯಾರೂ ನಗಲಿಲ್ಲ. ಈವೋ ತನ್ನ ಚಪ್ಪಲಿ ನೋಡಿಕೊಂಡ.

“ಇವರನ್ನ ಬಸ್ಸಿಗೆ ಹತ್ತಿಸಬೇಕಲ್ಲ ಅಕ್ಕ.”

“ಹೂಂ, ಹತ್ತಿಸು. ನಿನಗೆ ಊರೋರೆಲ್ಲ ಆಗಬೇಕು.” ಕಿಟಕಿಯಲ್ಲಿ ಬರಿಯ ಪರದೆ ಉಳಿಯಿತು.

ನೆಲ್ಲೋ ಎಲ್ಲರನ್ನೂ ಬಸ್ಸಿನವರೆಗೆ ಕರೆದೊಯ್ದ. ಒಬ್ಬೊಬ್ಬರನ್ನಾಗಿ ಹತ್ತಿಸಿದ. ಕೊನೆಗೆ ಮಾರ್ಗಿಟ್ ಬಾಗಿಲಿನ ಪಕ್ಕದ ಸೀಟಿನಲ್ಲಿ ಕುಸಿದು ಕೂತು, ಮಂಡಿ ನೀವಿಕೊಳ್ಳುತ್ತ ಕೇಳಿದಳು:

“ಆ ಕಿಟಕಿಯಲ್ಲಿದ್ದೋರದು ನಿಮ್ಮದೇ ಮುಖ, ಅಕ್ಕನಾ? ಹಳೇ ಕಾಲದ ಮನೆ ಅಲ್ವಾ? ಒಳಗೆ ಹೇಗಿದೆ?”

“ನಾನು ನೋಡಿಲ್ಲ.”

“ಅಕ್ಕನ ಮನೇನ? ಇದೇ ಊರಲ್ಲಿದ್ದುಕೊಂಡು?”

“ಅದು ದೊಡ್ಡ ಕತೆ ಅಮ್ಮ. ನಮ್ಮಪ್ಪನ ಕಾಲದಲ್ಲಿ ಒಂದು ಸಲ ಕುದುರೆ ಓಟದಲ್ಲಿ...” ಹೇಳುತ್ತಲೇ ಅವನ ಬೆರಳು ಕೋಲಿನ ತುದಿಯ ಗಂಟನ್ನು ಹುಡುಕುತ್ತಿತ್ತು. ಬಿಸಿಲಿಗೆ ಬಿಗಿದುಕೊಂಡಿದ್ದ ಗಂಟು ಬಹಳ ಹೊತ್ತು ಸತಾಯಿಸಿ ಬಿಟ್ಟುಕೊಂಡಿತು. ಅವನು ಬರಿಗೋಲನ್ನು ಅಜ್ಜಿಯ ಕೈಗೆ ಕೊಟ್ಟ.

“ಓಟದಲ್ಲಿ? ಓಟದಲ್ಲಿ ಏನಾಯ್ತು?” ಮಾರ್ಗಿಟ್ ಬಾಗಿಲಿನಿಂದ ಕೂಗಿದಳು.

ಆಮೆಯ ಕೇರಿಯಲ್ಲಿ ಡೋಲು ಮತ್ತೆ ಶುರುವಾಗಿತ್ತು. ನೆಲ್ಲೋ ಆ ಸದ್ದಿನ ಕಡೆಗೇ ಹೋಗುತ್ತಿದ್ದ. ವಸ್ತ್ರವನ್ನು ಜೇಬಿಗೆ ಹಾಕದೆ ಎಲ್ಲರಿಗೂ ಕಾಣುವಂತೆ ಕೈಯಲ್ಲೇ ಹಿಡಿದಿದ್ದ.