ಒಂಬತ್ತನೆಯ ನಿಮಿಷದ ಬಡಿತ

ನಮ್ಮ ಬ್ಯಾಂಡಿನ ಮೊದಲ ಆಲ್ಬಮ್ ರೆಕಾರ್ಡ್ ಆದದ್ದು ಶಿರಸಿಯ ಒಂದು ಕಲ್ಯಾಣಮಂಟಪದಲ್ಲಿ, ಹಾಸಿಗೆಗಳನ್ನು ಇಡುವ ಕೋಣೆಯಲ್ಲಿ. ಆಷಾಢದಲ್ಲಿ ಮದುವೆಗಳಿಲ್ಲ. ಸೂರಿನವರೆಗೆ ಪೇರಿಸಿದ ಹಾಸಿಗೆಗಳು ಸದ್ದನ್ನು ನುಂಗುತ್ತಿದ್ದವು. ಸೈಕೆಡೆಲಿಕ್ ರಾಕ್ ಎಂದು ನಾವು ಕರೆದುಕೊಳ್ಳುತ್ತಿದ್ದ, ಮಾತಿಲ್ಲದ ಉದ್ದುದ್ದ ಹಾಡುಗಳಿಗೆ ಅದೇ ಸ್ಟುಡಿಯೋ. ಕಿಟಕಿಯಿಲ್ಲ, ಚಿಲಕ ಹೊರಗಡೆ ಮಾತ್ರ. ಮೊಬೈಲುಗಳಿಂದ ಸ್ಪೀಕರ್ ಗುಂಯ್‌ಗುಡುತ್ತದೆಂದು ಅವನ್ನೂ ಆಚೆ ಇಟ್ಟು, ಚಿಲಕ ಹಾಕಿ ಅರ್ಧ ಗಂಟೆ ಬಿಟ್ಟು ಬಾಗಿಲು ತೆಗೆಯುವಂತೆ ಬನವಾಸಿ ಕಡೆಯ ಕಾವಲುಗಾರನಿಗೆ ಹೇಳಿದ್ದೆವು.

ಕೊನೆಯ ಹಾಡಿನ ನಡುವೆ ನನಗೆ ಉಸಿರು ಕಟ್ಟಿತು. ಹತ್ತಿಯ ಧೂಳೋ, ಬರೀ ಭಯವೋ, ಈಗ ಹೇಳಲಾರೆ. ಹಾಡು ಮುಗಿಸಿಯೇ ಬಾಗಿಲಿಗೆ ಹೋದೆ ಎಂದು ನನ್ನ ನೆನಪು. ರೆಕಾರ್ಡಿಂಗ್ ಬೇರೆಯೇ ಹೇಳುತ್ತದೆ: ಒಂಬತ್ತನೆಯ ನಿಮಿಷದಲ್ಲಿ ನನ್ನ ಡ್ರಮ್ಸ್ ನಿಲ್ಲುತ್ತದೆ, ಅಂಗೈಗಳು ಬಾಗಿಲು ಬಡಿಯುತ್ತವೆ, ಗಿಟಾರ್ ಆ ಬಡಿತವನ್ನೇ ಹಿಂಬಾಲಿಸುತ್ತದೆ.

ಬಾಗಿಲು ತೆಗೆದಾಗ ಕಾವಲುಗಾರನ ಕೈಯಲ್ಲಿ ಚಾ ಲೋಟವಿತ್ತು. “ಬಡಿಯೂದು ಕೇಳ್ತಿತ್ತು ಬಿಡ್ರಿ. ಇವತ್ತ ಭಾರೀ ಜೋರ್ ನಡದೈತಿ ಅನ್ಕೊಂಡೆ!”

ಕೇಳಿದವರೆಲ್ಲ ಮೆಚ್ಚಿದ್ದು ಆ ಭಾಗವನ್ನೇ. ಸಿದ್ದಾಪುರದಲ್ಲಿ ಆಲ್ಬಮ್ ಬಿಡುಗಡೆಯ ದಿನ ಯಾರೋ ಅದರ ಬಗ್ಗೆ ಕೇಳಿದರು. ಹೆದರಿದ್ದೆ ಎನ್ನಲು ನಾಚಿಕೆಯಾಗಿ, ಬೇಕೆಂದೇ ಮಾಡಿದ್ದು ಎಂದುಬಿಟ್ಟೆ. ಗಿಟಾರ್ ನುಡಿಸುವ ಗೆಳೆಯ ತಂತಿ ನೋಡುತ್ತ ಕೂತ.

ಯಲ್ಲಾಪುರದ ಕಾರ್ಯಕ್ರಮಕ್ಕೆ ಅವನು ಪ್ಲೈವುಡ್ಡಿನ ಗೂಡೊಂದನ್ನು ಮಾಡಿಸಿದ, ಹಳೆಯ ಬಾಗಿಲು ಹಚ್ಚಿ; ನಾನು ಒಳಗಿನಿಂದ ಅದನ್ನು ಬಡಿಯಬೇಕು. ಆ ಹಾಡನ್ನು ಬಿಡೋಣ ಎಂದೆ.

“ಅದನ್ನ ಬಿಟ್ರೆ ನಮ್ಮನ್ನ ಯಾರು ಕರೆಸ್ತ ಮಾರಾಯ? ಬೇಕಂತ್ಲೇ ಮಾಡಿದ್ದು ಅಂದಂವ ನೀನೇಯ, ಅಲ್ದ?”

ಕಾರ್ಯಕ್ರಮದ ದಿನ ವೇದಿಕೆಯ ಮೇಲೆ ಗೂಡಿನೊಳಗೆ ಹೋದೆ, ಅವನು ಚಿಲಕ ಹಾಕಿದ. ಬಡಿಯತೊಡಗಿದೆ. ಗಿಟಾರ್ ನಾಲ್ಕು ಸುತ್ತು ಹೋದ ಮೇಲೆ ಅವನು ಬಾಗಿಲು ತೆಗೆಯಬೇಕಿತ್ತು, ತೆಗೆಯಲಿಲ್ಲ. ಚಪ್ಪಾಳೆ ಏರುತ್ತಿತ್ತು. ಬೆವರಿನಲ್ಲಿ ಅಂಗೈ ಜಾರಿತು. “ತೆಗಿಯೋ! ಬಾಗ್ಲು ತೆಗಿ ಮಾರಾಯ!” ಎಂದು ಕೂಗಿದೆ. ಜನ ಶಿಳ್ಳೆ ಹೊಡೆದರು. ಗಿಟಾರ್ ಇನ್ನೊಂದು ಸುತ್ತು ಹೋಯಿತು.

ಕೊನೆಗೆ ಬಾಗಿಲು ತೆಗೆದು ಅವನು ಕಿವಿಯಲ್ಲಿ ಹೇಳಿದ: “ಕೂಗಿದ್ದು ಚೊಲೋ ಆತು. ಮುಂದಿನ ಸಲವೂ ಇರ್ಲಿ.”

ಆಗಲಿ ಎಂಬಂತೆ ನಾನು ತಲೆಯಾಡಿಸಿದೆ. ಇದು ನೆನಪಲ್ಲ, ಯಾರೋ ತೆಗೆದ ವಿಡಿಯೋದಲ್ಲಿದೆ.