ಸ್ವಖುಷಿಯಿಂದ ಬಿಟ್ಟ ಕೆಲಸ

1988ರಲ್ಲಿ ಏಳನೆಯ ಇಯತ್ತೆ ಮುಗಿಸಿ ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ. ಸಾಂಗ್ಲಿಯ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ ಅಪ್ಪನ ಸೊಂಟ ಹಿಡಿದಿತ್ತು. ನಾನೇ ಪುಸ್ತಕ ಕಟ್ಟಿಟ್ಟು ಚೀಲಕ್ಕೆ ಹೆಗಲು ಕೊಟ್ಟೆ.

ಕೆಲವು ವರ್ಷಗಳ ಮೇಲೆ ಮಿರಜದ ಒಂದು ಕಾರ್ಖಾನೆ ಸೇರಿದೆ. ಬಾಗಿಲು, ಖಿಡಕಿಗಳು ತೆರೆದು ಮುಚ್ಚುವಂತೆ ಚೌಕಟ್ಟಿಗೆ ಹಚ್ಚುವ ಬಿಜಾಗರಿ ಅಲ್ಲಿ ತಯಾರಾಗುತ್ತಿತ್ತು. ನನ್ನದು ಪ್ರೆಸ್ ಮಷೀನು. ಪೆಟ್ಟಿನ ಸಪ್ಪಳ ಕೇಳಿಯೇ ತಗಡು ಕತ್ತರಿಸುವ ಡಾಯ್ ಮೊಂಡಾಗಿದೆ ಎಂದು ಹೇಳುತ್ತಿದ್ದೆ. ಇಪ್ಪತ್ತೈದು ವರ್ಷ ಅದರ ಮುಂದೆ ಕುಳಿತೂ ಹತ್ತು ಬೆರಳು ಉಳಿಸಿಕೊಂಡವನು ನಾನು.

ಆಮೇಲೆ ಚೀನಾದ ಮಾಲು ಬಂತು. ಕೈಯಲ್ಲಿ ಹಿಡಿದರೆ ಹಗುರ, ಆದರೆ ಹೊಳಪು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ನಾವು ತರುವ ಕಬ್ಬಿಣದ ತಗಡಿನ ದರಕ್ಕೇ ಅವರ ಬಿಜಾಗರಿ ಸ್ಕ್ರೂ ಸಮೇತ ಸಿಗುತ್ತಿತ್ತು. ನಮ್ಮ ಗಿರಾಕಿಗಳು ಒಬ್ಬೊಬ್ಬರೇ ಆ ಕಡೆ ಹೋದರು. ಮೂರು ವರ್ಷದ ಹಿಂದೆ ಮಾಲಕರು ಎಲ್ಲ ಮಷೀನು ನಿಲ್ಲಿಸಿ, ಕೆಲಸದಿಂದ ತೆಗೆದವರೆಂದು ನಮ್ಮ ಹದಿನಾಲ್ಕು ಮಂದಿಯ ಯಾದಿಯನ್ನು ಗೋಡೆಗೆ ಹಚ್ಚಿದರು.

ನಮ್ಮ ಗಲ್ಲಿಯಲ್ಲಿ ‘ತೆಗೆದರು’ ಎಂದರೆ ಕಳ್ಳ, ಇಲ್ಲವೇ ಕುಡುಕ. ಮರುದಿನ ದುಂಡಗಿನ ಅಕ್ಷರದಲ್ಲಿ ಮರಾಠಿಯಲ್ಲಿ ಬರೆದುಕೊಂಡು ಹೋದೆ: ಸ್ವಖುಷಿಯಿಂದ ಕೆಲಸ ಬಿಡುತ್ತಿದ್ದೇನೆ. ಮಾಲಕರು ವಯಸ್ಸಿನಲ್ಲಿ ನನಗಿಂತ ಸಣ್ಣವರು, ಮನೆಮಾತು ಕನ್ನಡ. ಕಾಗದ ಓದಿ ತಲೆಯಲ್ಲಾಡಿಸಿದರು.

“ಕಾಕಾ, ಇದು ಬ್ಯಾಡ್ರಿ. ಯಾದಿಯೊಳಗ ಹೆಸರಿರ್ಲಿ, ಮುಂದ ಉಪಯೋಗಕ್ಕ ಬರ್ತದ.”

“ನನ್ನ ಯಾರೂ ತೆಗದಿಲ್ಲರಿ ಶೇಟ್ರ. ನಾನಽ ಬಿಟ್ಟೇನಿ,” ಎಂದು ಕಾಗದವನ್ನು ಮೇಜಿನ ಮೇಲಿಟ್ಟು ಬಂದೆ.

ಉಪಯೋಗ ಯಾವುದೆಂದು ಎರಡು ತಿಂಗಳ ಮೇಲೆ ತಿಳಿಯಿತು. ಕಾರ್ಖಾನೆ ನಿಂತು ಕೆಲಸ ಹೋದವರಿಗೆ ಸರಕಾರದ ವಿಮೆ ಕಚೇರಿಯಿಂದ ಕೆಲವು ತಿಂಗಳು ಸಂಬಳದ ಒಂದು ಪಾಲು ಸಿಗುತ್ತಿತ್ತು. ತಾವಾಗಿ ಬಿಟ್ಟವರಿಗೆ ಇಲ್ಲ. ನಾನೂ ಅರ್ಜಿ ಹಿಡಿದು ಹೋದೆ. ಪಾಳಿಯಲ್ಲಿ ನನ್ನ ಪಕ್ಕದ ಮಷೀನಿನವ, ಸಮಡೋಳಿ ಊರಿನವ, ನಿಂತಿದ್ದ.

“ಇದು ತೆಗದು ಒಗದ ಮಂದಿ ಪಾಳಿರಿ,” ಎಂದ. “ರಾಜೀನಾಮೆ ಕೊಟ್ಟ ಸಾಹೇಬ್ರಿಗೆ ಒಳಗ ಕುರ್ಚಿ ಹಾಕ್ಯಾರೇನು ನೋಡ್ರಿ.”

ಎಲ್ಲರೂ ನಕ್ಕರು. ಒಳಗಿದ್ದ ಅಧಿಕಾರಿಣಿ, ಕಾರ್ಖಾನೆಯಿಂದ ಬಂದ ನನ್ನ ಕಡತದಲ್ಲಿದ್ದ ಆ ರಾಜೀನಾಮೆಯ ಕಾಗದವನ್ನೇ ತೋರಿಸಿ ಅರ್ಜಿ ವಾಪಸು ಕೊಟ್ಟರು. ಧರ್ಮದ ರೊಕ್ಕ ನಮಗೆ ಬೇಡವೇ ಬೇಡ ಎಂದು ಮನೆಯಲ್ಲಿ ಹೇಳಿದೆ. ಹೆಂಡತಿ ಟ್ರಂಕಿನಿಂದ ನನ್ನ ಹಳೆಯ ಪಗಾರದ ಚೀಟಿಗಳನ್ನು ತೆಗೆದು ಮುಂದೆ ಹರಡಿದಳು. ತಿಂಗಳು ತಿಂಗಳು ವಿಮೆಗೆಂದು ಹಿಡಿದದ್ದು ಎಲ್ಲದರಲ್ಲೂ ಇತ್ತು.

“ಧರ್ಮದ್ದಲ್ಲ, ನೀವು ದುಡದು ತುಂಬಿದ್ದು,” ಎಂದಳು. “ನಿಮ್ಮ ದುಂಡನ್ನ ಅಕ್ಷರಾ ಒಲಿಮ್ಯಾಲ ಇಟ್ರ ಬ್ಯಾಳಿ ಬೇಯ್ತದೇನು?”

ಮರುದಿನ ಮಾಲಕರ ಹತ್ತಿರ ಹೋದೆ. ನನ್ನ ಮಷೀನು ಇದ್ದಲ್ಲಿ ಹೊರದೇಶದ ಮಾಲಿನ ಡಬ್ಬಿಗಳು ಛಾವಣಿಯ ತನಕ ಏರಿದ್ದವು. ಈಗ ಅವರೂ ಅದನ್ನೇ ಮಾರುತ್ತಿದ್ದರು. ನಡೆದದ್ದನ್ನು ಹೇಳಿ ಕಚೇರಿಗೆ ಒಂದು ಪತ್ರ ಕೇಳಿದೆ. ಮಷೀನು ನಿಂತದ್ದು ಮೊದಲು, ಯಾದಿಯಲ್ಲಿ ಇವರ ಹೆಸರಿತ್ತು, ಇವರ ಕಾಗದ ಬಂದದ್ದು ಆಮೇಲೆ ಎಂದು ಬರೆದು ಸಹಿ ಹಾಕಿಕೊಟ್ಟರು.

ಅಧಿಕಾರಿಣಿಗೆ ಅಷ್ಟು ಸಾಲಲಿಲ್ಲ. ಹಾಗಾದರೆ ಈ ರಾಜೀನಾಮೆ ಯಾರದು ಎಂದು ಮರಾಠಿಯಲ್ಲಿ ಕೇಳಿದರು. ನನ್ನದೇ ಎಂದೆ. ಬರೆದದ್ದು ನಿಜವೋ ಸುಳ್ಳೋ ಎಂದರು. ಹಿಂದೆ ಪಾಳಿಯಲ್ಲಿ ನಮ್ಮ ಕಾರ್ಖಾನೆಯ ನಾಲ್ಕೈದು ಮಂದಿ ಇದ್ದರು. ಸಮಡೋಳಿಯವನೂ ಇದ್ದ. ಎಲ್ಲರಿಗೂ ಕೇಳುವಂತೆ, ಸುಳ್ಳು ಎಂದೆ. ನನ್ನನ್ನು ತೆಗೆದರು, ಹೇಳಿಕೊಳ್ಳಲು ನಾಚಿಕೆಯಾಗಿ ಹಾಗೆ ಬರೆದೆ ಎಂದೆ. ಆಮೇಲೆ ಹಿಂದೆ ತಿರುಗಿ ಕನ್ನಡದಲ್ಲಿ, “ಕೇಳಿತಿಲ್ಲೋ? ನನ್ನೂ ತೆಗದಾರ,” ಎಂದೆ.

ಈ ಸಲ ಯಾರೂ ನಗಲಿಲ್ಲ. ಸಮಡೋಳಿಯವ ತನ್ನ ಪೆನ್ನು ಕೊಟ್ಟ. ಅದರಲ್ಲೇ ಹೇಳಿಕೆ ಬರೆದುಕೊಟ್ಟೆ.

ಕಡತ ಮೇಲಿನವರ ಹತ್ತಿರ ಹೋಯಿತು. ಮತ್ತೆ ನಾಲ್ಕು ಸಲ ಹೋಗಿ ಬಂದೆ, ಪ್ರತಿ ಸಲ ಇಸ್ತ್ರಿಯ ಅಂಗಿ ಹಾಕಿಕೊಂಡು. ಐದನೆಯ ಸಲ ಮಂಜೂರಾಗಿದೆ ಎಂದರು. ರೊಕ್ಕ ಬಂದ ಆ ಕೆಲವು ತಿಂಗಳು ಮನೆ ಅದರ ಮೇಲೆ ನಡೆಯಿತು. ನಾನು ಮಾಧವನಗರದ ಒಬ್ಬ ಮಿಸ್ತ್ರಿಯ ಹತ್ತಿರ, ಐವತ್ತರ ಹತ್ತಿರದ ವಯಸ್ಸಿನಲ್ಲಿ, ಪಗಾರವಿಲ್ಲದೆ ವೆಲ್ಡಿಂಗ್ ಕಲಿತೆ. ಮೊದಲ ವಾರ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಬಿಡಲಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಬಾಡಿಗೆಯ ಒಂದು ಶೆಡ್ಡು, ಒಂದು ವೆಲ್ಡಿಂಗ್ ಮಷೀನು, ಕಬ್ಬಿಣ ಕೊಯ್ಯುವ ಮಷೀನು ಒಂದು, ಕಾಯಂ ಗಿರಾಕಿಗಳು ಆರು, ಈ ವಾರ ಕೊಡಬೇಕಾದ ಗೇಟುಗಳು ಎರಡು.