ಖಾಲಿ ಬೆಂಚಿನ ಹಾಜರಿ

ಬನಹಟ್ಟಿಯ ಓಣಿಯಲ್ಲಿ ಮಗ್ಗಗಳು ಖಟಪಟ ಎನ್ನುವ ಮೊದಲೇ ನೇಕಾರರ ಮಗ, ಕಾಲೇಜಿನ ಪ್ರಿನ್ಸಿಪಾಲ ರಾಚಪ್ಪನವರ ನಡಿಗೆ ಶುರುವಾಗಿರುತ್ತದೆ. ಅವರು ಕುಳಿತದ್ದನ್ನು ಯಾರೂ ಕಂಡಿಲ್ಲ. ಖುರ್ಚಿಯ ಬೆತ್ತ ಇನ್ನೂ ಹೊಸದು. ಕರ್ನಾಟಕ ಒಂದಾಗಬೇಕೆಂಬ ಹರತಾಳಗಳು ಶುರುವಾದ ಮೇಲಂತೂ ಗೇಟಿಗೆ ಹತ್ತು ಸಲ, ಗಂಟೆಯ ಹತ್ತಿರ ಇಪ್ಪತ್ತು ಸಲ. "ಒಂದ ಮಿನಿಟ ತಡ ಆದ್ರೂ ಗೈರಹಾಜರಿ! ನಿಮ್ಮಪ್ಪ ಮಗ್ಗಕ್ಕ ತಡಾ ಮಾಡ್ತಾನೇನಲೇ?" ಎಂದು ಗದರುವ ಅವರಿಗೆ ಹುಡುಗರು ಇಟ್ಟ ಹೆಸರು, ಮಗ್ಗದಲ್ಲಿ ನಿಲ್ಲದೆ ಅತ್ತಿತ್ತ ಓಡುವ ಲಾಳಿ. ಮೊನ್ನೆ ಆ ಹುಡುಗರೆಲ್ಲ ಮೆರವಣಿಗೆಗೆ ಹೋದರು. ಗೈರಾದವರನ್ನು ಜೈಲಿಗೆ ಹಾಕಲು ಪೊಲೀಸ್ ಫೌಜದಾರ ಹಾಜರಿ ಪುಸ್ತಕ ಕೇಳುತ್ತಾನೆಂದು ತಿಳಿದು, ರಾಚಪ್ಪನವರು ಖಾಲಿ ಬೆಂಚುಗಳ ಮುಂದೆ ನಿಂತು ಒಂದೊಂದೇ ಹೆಸರು ಕೂಗಿದರು. ತಾವೇ ಮೆಲ್ಲಗೆ "ಹಾಜರ್ ಸರ್" ಎಂದು ಗುರುತು ಹಾಕಿದರು. ಹದಿನೈದು ವರ್ಷದಲ್ಲಿ ಆ ಕೈ ಒಂದು ಸುಳ್ಳು ಗುರುತನ್ನೂ ಹಾಕಿರಲಿಲ್ಲ. ಪುಸ್ತಕ ತಿರುವಿದ ಫೌಜದಾರ, "ಎಲ್ಲಾರೂ ಒಳಗಿದ್ರ ಬಜಾರದಾಗ ಕೂಗಿದ್ದು ನಿಮ್ಮ ಬೆಂಚೇನ್ರೀ? ನಿಮ್ಮ ಬಾಯಿಲೆ ಹೇಳ್ರಿ" ಎಂದ. "ಪುಸ್ತಕದಾಗ ಬರೆದದ್ದು ಐತಲ್ರೀ. ನನ್ನ ಹುಡುಗರು ಆವತ್ತ…" ಎನ್ನುತ್ತಲೇ, ಸುಳ್ಳನ್ನು ಬಾಯಿಂದ ಆಡಲಾರದೆ, ರಾಚಪ್ಪನವರು ಗೇಟಿನತ್ತ ನಡೆದುಬಿಟ್ಟರು.